ಬೆತ್ತ ಹಿಡಿದು ಬಾಗಿಲಲ್ಲಿ ನಿಂತವರು

ರಾಯಚೂರು ಜಿಲ್ಲೆಯ ಪಾಮನಕಲ್ಲೂರಿನ ಕಡೆ ಹಳಬರು ತಮ್ಮ ವಯಸ್ಸನ್ನು ಇಸವಿಯಲ್ಲಿ ಹೇಳುತ್ತಿದ್ದುದು ಕಡಿಮೆ. ‘ಪೊಲೀಸ್ ಆ್ಯಕ್ಷನ್ ಆದಾಗ ನಾ ಇಷ್ಟೇ ಇದ್ದೆ’ ಎಂದು ಸೊಂಟದ ಎತ್ತರಕ್ಕೆ ಅಂಗೈ ಹಿಡಿದು ತೋರಿಸುತ್ತಿದ್ದರು. ಕೇಳುವವರು ಲೆಕ್ಕ ಹಾಕಿಕೊಳ್ಳಬೇಕು. ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯಲ್ಲೆಲ್ಲ ಕಾಲವನ್ನು ಎರಡಾಗಿ ಸೀಳಿದ ಗೆರೆ ಅದು: ಹೈದರಾಬಾದ್ ನಿಜಾಮನ ಪರ ನಿಂತ ರಜಾಕಾರರ ಪಡೆಯ ಹಾವಳಿಯ ಮುಂಚೆ, ಆಮೇಲೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದ ಗಡಿ ದಾಟಿತು. 17ರ ಸಂಜೆಗೆ ನಿಜಾಮ ಸೋಲೊಪ್ಪಿಕೊಂಡ. ಟ್ಯಾಂಕುಗಳಿದ್ದವು, ವಿಮಾನಗಳಿದ್ದವು, ಮೇಜರ್ ಜನರಲ್ ಜೆ.ಎನ್. ಚೌಧುರಿ ಎಂಬ ದಂಡನಾಯಕರಿದ್ದರು. ಸೇನೆಯ ಕಡತದಲ್ಲಿ ಅದಕ್ಕೆ ‘ಆಪರೇಷನ್ ಪೋಲೊ’ ಎಂಬ ಹೆಸರಿತ್ತು. ಆದರೆ ಹೊರಗಿನ ಜಗತ್ತಿಗೆ ಅದನ್ನು ಯುದ್ಧ ಎಂದು ಹೇಳುವಂತಿರಲಿಲ್ಲ. ನಿಜಾಮನ ಅಹವಾಲು ವಿಶ್ವಸಂಸ್ಥೆಯ ಬಾಗಿಲಿಗೆ ಹೋಗಿತ್ತು. ಇದು ನಮ್ಮ ಮನೆಯೊಳಗಿನ ಬಂದೋಬಸ್ತು ಎಂದು ತೋರಿಸಲು ‘ಪೊಲೀಸ್ ಕಾರ್ಯಾಚರಣೆ’ ಎಂದರು. ಸೈನಿಕರು ಮಾಡಿದ ಯುದ್ಧಕ್ಕೆ ಪೊಲೀಸರ ಹೆಸರು ಬಂತು, ಜನರ ಬಾಯಲ್ಲೂ ಅದೇ ನಿಂತಿತು.

ಹೆಸರಿನಲ್ಲಿ ಮಾತ್ರ ಪೊಲೀಸಾಗಿದ್ದ ಆ ಯುದ್ಧದಲ್ಲಿ ಹೆಣ್ಣು ಪೊಲೀಸಂತೂ ಇರಲಿಲ್ಲ. ಹಳ್ಳಿಯಲ್ಲಿ ಪೊಲೀಸ್ ಪಾಟೀಲ, ತಳವಾರ, ವಾಲೀಕಾರ ಎಲ್ಲರೂ ಗಂಡಸರು. ಮಹಿಳಾ ಪೊಲೀಸ್ ಎಂಬುದು ಈಚಿನ ಸಂಗತಿ, ಪರದೇಶದಿಂದ ಬಂದದ್ದು ಎಂದು ಅಲ್ಲಿಗೆ ಕತೆ ಮುಗಿಸಿಬಿಡಬಹುದು. ಆದರೆ ಪಾಮನಕಲ್ಲೂರು ಇರುವುದು ಕೃಷ್ಣಾ-ತುಂಗಭದ್ರೆಯರ ನಡುವಿನ ನೆಲದಲ್ಲಿ. ಶಾಸನಗಳು ‘ಎಡೆದೊರೆ’ ಎಂದು ಕರೆದ ಈ ಎರೆಮಣ್ಣಿಗಾಗಿ ನಡೆದಷ್ಟು ಕಾದಾಟ ದಕ್ಷಿಣದಲ್ಲಿ ಇನ್ನೊಂದು ತುಂಡು ನೆಲಕ್ಕೆ ನಡೆದಿರಲಿಕ್ಕಿಲ್ಲ. ಇಲ್ಲಿ ಕಾದಾಡಿದ ಅರಸರ ಮನೆಬಾಗಿಲಲ್ಲಿ ಬೆತ್ತ ಹಿಡಿದು ನಿಂತವರು ಯಾರು ಎಂದು ಕೇಳಿದರೆ ಕತೆ ಬಹಳ ಹಿಂದಕ್ಕೆ ಹೋಗುತ್ತದೆ.

ಮಸ್ಕಿ ಎಂದರೆ ಎಲ್ಲರಿಗೂ ಅಶೋಕನ ಶಾಸನ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಅದನ್ನು ಕಂಡ. ಅದೇ ಮಸ್ಕಿಯನ್ನು ಚೋಳರ ತಮಿಳು ಶಾಸನಗಳಲ್ಲಿ ಬರುವ ‘ಮುಯಂಗಿ’ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. 1021ರ ಸುಮಾರಿಗೆ ರಾಜೇಂದ್ರ ಚೋಳ ಇಲ್ಲಿ ಕಲ್ಯಾಣ ಚಾಲುಕ್ಯರ ಜಯಸಿಂಹನನ್ನು ಬೆನ್ನಟ್ಟಿದೆನೆಂದು ಕೊಚ್ಚಿಕೊಂಡಿದ್ದಾನೆ. ಬೆನ್ನು ತೋರಿಸಿದನೋ ಇಲ್ಲವೋ, ಜಯಸಿಂಹನಿಗೆ ಬೆನ್ನು ತೋರಿಸದ ಅಕ್ಕ ಒಬ್ಬಳಿದ್ದಳು. ಹೆಸರೇ ಅಕ್ಕಾದೇವಿ. ಕಿಸುಕಾಡು ಎಪ್ಪತ್ತನ್ನು ಆಳಿದವಳು, ‘ಗುಣದ ಬೆಡಂಗಿ’ ಎಂಬ ಬಿರುದು ಪಡೆದವಳು. 1010ರ ಹೊತ್ತಿಗೇ ಶಾಸನದಲ್ಲಿ ಕಾಣಿಸಿಕೊಂಡವಳು 1047ರಲ್ಲಿ ಗೋಕಾಗೆಯ, ಅಂದರೆ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿ ಕುಳಿತಿದ್ದಳು. ಆಗ ಆಕೆ ಎಳೆಯ ವಯಸ್ಸಿನವಳಂತೂ ಅಲ್ಲ. ಮುತ್ತಿಗೆ ಒಂದು ದಿನದ ಸಾಹಸವಲ್ಲ. ದಂಡಿಗೆ ಜೋಳ, ಕುದುರೆಗೆ ಮೇವು, ಸುತ್ತಲ ಹಳ್ಳಿಗಳಲ್ಲಿ ಶಿಸ್ತು, ರಾತ್ರಿ ಪಹರೆ ಎಲ್ಲವೂ ಸೇರಿದ ಆಡಳಿತ. ಇಂದು ಜಿಲ್ಲೆಯೊಂದರ ವರಿಷ್ಠಾಧಿಕಾರಿಯ ಮೇಜಿನ ಮೇಲೆ ಬೀಳುವಂಥ ಕೆಲಸ.

ಅಕ್ಕಾದೇವಿ ಅರಸುಮನೆಯವಳು, ಆದ್ದರಿಂದ ಕಲ್ಲಿನಲ್ಲಿ ಉಳಿದಳು. ಸಾಮಾನ್ಯ ಹೆಣ್ಣು ಯುದ್ಧದ ಚರಿತ್ರೆಯಲ್ಲಿ ಬರುವ ಬಗೆ ಬೇರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲೇ ಅದರ ಮಾದರಿ ಇದೆ. ಅಕ್ಕಸಾಲಿಗನ ಮಗಳೊಬ್ಬಳ ರೂಪದ ಸುದ್ದಿ ಕೇಳಿ ವಿಜಯನಗರದ ಒಂದನೆಯ ದೇವರಾಯ 1406ರಲ್ಲಿ ಕುದುರೆಪಡೆ ಕಳಿಸಿದ, ಅದರಿಂದ ಬಹಮನಿ ಫಿರೋಜ್ ಷಾನೊಡನೆ ಯುದ್ಧವೇ ಹತ್ತಿತು ಎಂದು ಫೆರಿಷ್ತಾ ಬರೆದಿದ್ದಾನೆ. ಪಡೆ ಬರುವಷ್ಟರಲ್ಲಿ ಹುಡುಗಿಯ ಮನೆಯವರು ಊರು ಬಿಟ್ಟಿದ್ದರಂತೆ. ಕೊನೆಗೆ ಅವಳು ಬಹಮನಿ ರಾಜಕುಮಾರನ ಅಂತಃಪುರ ಸೇರಿದಳು. ಕತೆಯಲ್ಲಿ ಎಷ್ಟು ಬಣ್ಣವಿದೆಯೋ, ಆ ಕಾಲದ ಬರಹಗಾರನ ಲೆಕ್ಕದಲ್ಲಿ ಹೆಣ್ಣು ಯಾವ ಸಾಲಿನಲ್ಲಿದ್ದಳು ಎಂಬುದಂತೂ ಅದರಲ್ಲಿ ಸ್ಪಷ್ಟವಾಗಿದೆ: ಕೊಳ್ಳೆಯ ಸಾಲಿನಲ್ಲಿ.

ಕೊಳ್ಳೆಯ ಸಾಲಿನಿಂದ ಕಾವಲಿನ ಸಾಲಿಗೆ ಬರಬೇಕಾದರೆ ಇಬ್ಬರು ಪೋರ್ಚುಗೀಸರ ಬರವಣಿಗೆ ಬಿಚ್ಚಬೇಕು. 1520ರ ಆಸುಪಾಸಿನಲ್ಲಿ ಹಂಪಿಗೆ ಬಂದಿದ್ದವನು ಡೊಮಿಂಗೊ ಪಾಯೆಸ್. ಹದಿನೈದು ವರ್ಷದ ನಂತರ ಬಂದು ಬರೆದವನು ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್. ಇವರಿಬ್ಬರ ಬರವಣಿಗೆಯನ್ನು ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ಪರದೇಶಿಗಳ ಮಾತೆಲ್ಲ ಸತ್ಯವಲ್ಲ, ಸಂಖ್ಯೆ ಬಂದಲ್ಲಿ ಇಬ್ಬರದೂ ಧಾರಾಳ ಕೈ. ಆದರೆ ಊರಿನವರಿಗೆ ಮಾಮೂಲಾಗಿ ಕಂಡು ಯಾರೂ ಬರೆದಿಡದಂಥ ಸಂಗತಿಗಳು ಹೊರಗಿನವನ ಕಣ್ಣಿಗೆ ಬೀಳುತ್ತವೆ.

ಪಾಯೆಸ್ ಕಂಡದ್ದು ಮಹಾನವಮಿ. ಅರಸನ ಕುದುರೆಗಳ ಮೆರವಣಿಗೆ ಮುಗಿದ ಮೇಲೆ ಅರಮನೆಯ ಒಳಗಿನಿಂದ ಹೆಂಗಸರು ಹೊರಬರುತ್ತಾರೆ. ಮೊದಲು ಬರುವವರು ಚಿನ್ನ ಹೇರಿಕೊಂಡ ರಾಣಿವಾಸದ ತರುಣಿಯರಲ್ಲ, ದ್ವಾರಪಾಲಕಿಯರು. ಇಪ್ಪತ್ತೈದು ಮೂವತ್ತು ಜನ. ಕೈಯಲ್ಲಿ ಬೆತ್ತ, ಹೆಗಲ ಮೇಲೆ ಚಾಟಿ. ಅವರ ಹಿಂದೆ ನಪುಂಸಕರು, ಅವರ ಹಿಂದೆ ಕಹಳೆ ಊದುವ, ನಗಾರಿ ಬಾರಿಸುವ ಹೆಂಗಸರು, ಮತ್ತೆ ಬೆಳ್ಳಿ ಹೊದಿಸಿದ ಬೆತ್ತದ ಇನ್ನೂ ಇಪ್ಪತ್ತು ಕಾವಲುಗಾರ್ತಿಯರು. ಆಮೇಲೆ ತರುಣಿಯರು ಬರುತ್ತಾರೆ. ಕಡಗ, ಬಳೆಗಳ ಭಾರ ತಡೆಯಲಾರದೆ ಅವರ ತೋಳುಗಳನ್ನು ಬೇರೆ ಹೆಂಗಸರು ಎತ್ತಿ ಹಿಡಿದುಕೊಂಡಿರುತ್ತಾರೆ. ಇಂದಿನ ದಸರಾ ಜಂಬೂಸವಾರಿಯಲ್ಲಿ ಲಾಠಿ ಹಿಡಿದು ಜನರನ್ನು ಹಿಂದಕ್ಕೆ ಸರಿಸುವ ಮಹಿಳಾ ಪೇದೆಯನ್ನು ನೋಡಿದವರಿಗೆ ಆ ಮೊದಲ ಸಾಲಿನ ಪರಿಚಯ ಬೇರೆ ಬೇಕಾಗಿಲ್ಲ.

ಅರಮನೆಯೊಳಗೆ ಕತ್ತಿ-ಗುರಾಣಿ ಹಿಡಿಯಬಲ್ಲ ಹೆಂಗಸರಿದ್ದಾರೆ, ಕುಸ್ತಿ ಮಾಡುವವರಿದ್ದಾರೆ ಎಂದೂ ಪಾಯೆಸ್ ಬರೆದ. ನೂನಿಜ್ ಇನ್ನಷ್ಟು ಕಚೇರಿಯ ಮನುಷ್ಯ. ಅವನ ಪಟ್ಟಿಯಲ್ಲಿ ಅರಮನೆಯ ಒಳಗಿನ ಖರ್ಚು ಬರೆಯುವ ಹೆಂಗಸರಿದ್ದಾರೆ. ರಾಜ್ಯದ ವಿದ್ಯಮಾನಗಳನ್ನು ಬರೆದು ಹೊರಗಿನ ಲೆಕ್ಕಿಗರ ಪುಸ್ತಕದೊಂದಿಗೆ ತಾಳೆ ನೋಡುವವರಿದ್ದಾರೆ. ನ್ಯಾಯ ತೀರ್ಮಾನಿಸುವವರು, ಆ ತೀರ್ಮಾನ ಜಾರಿ ಮಾಡುವವರು, ರಾತ್ರಿಯೆಲ್ಲ ಅರಮನೆಗೆ ಪಹರೆ ಕೊಡುವವರೂ ಇದ್ದಾರೆ. ಇವರೆಲ್ಲ ಹೆಂಗಸರು ಎಂದು ಆತ ಒತ್ತಿ ಹೇಳುತ್ತಾನೆ. ಓದಿದವರಿಗೆ ನಂಬಿಕೆ ಬರಲಿಕ್ಕಿಲ್ಲ ಎಂದು ಅನಿಸಿತ್ತೋ ಏನೋ. ಲೆಕ್ಕ, ನ್ಯಾಯ, ಜಾರಿ, ಗಸ್ತು: ಠಾಣೆಯೊಂದಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಈ ವ್ಯವಸ್ಥೆ ಇದ್ದ ಕಾಲದಲ್ಲೇ ಎಡೆದೊರೆಯ ದೊಡ್ಡ ಯುದ್ಧ ನಡೆದದ್ದು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದ. ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾ ಕೃಷ್ಣೆ ದಾಟಿ ಬಂದ. ಮೇ 19ರ ಶನಿವಾರ ಕೈ ಹತ್ತಿತು. ಆದಿಲ್ ಷಾನ ಫಿರಂಗಿಗಳಿಗೆ ಮುಂಚೂಣಿ ಚೂರಾಗಿ, ಜನ ಹಿಂದಕ್ಕೆ ಓಡಿಬರುತ್ತಿರುವಾಗ ಎರಡನೆಯ ಸಾಲಿನಲ್ಲಿದ್ದ ರಾಯ ಒಂದು ಕೆಲಸ ಮಾಡಿದ. ಬೆರಳಿನ ಉಂಗುರ ತೆಗೆದು ಪಕ್ಕದ ಹುಡುಗನ ಕೈಗಿತ್ತ. ತಾನು ಸತ್ತರೆ ಇದನ್ನು ರಾಣಿಯರಿಗೆ ತೋರಿಸು, ಅವರು ಚಿತೆ ಏರಲಿ ಎಂದು ಅದರ ಅರ್ಥ. ಆಮೇಲೆ ಕುದುರೆ ಏರಿ ನುಗ್ಗಿದ, ಗೆದ್ದ. ನೂನಿಜ್ ಈ ಉಂಗುರದ ಕತೆಯನ್ನು ರಾಯನ ಧೈರ್ಯ ತೋರಿಸಲು ಬರೆದಿದ್ದಾನೆ. ಅದನ್ನು ಇನ್ನೊಂದು ತುದಿಯಿಂದಲೂ ಓದಬಹುದು. ಆ ಉಂಗುರ ಮುಟ್ಟಬೇಕಾಗಿದ್ದದ್ದು ರಾಣಿವಾಸದ ಬಾಗಿಲಿಗೆ. ಅಲ್ಲಿ ನಿಂತವರು ಬೆತ್ತದ ಹೆಂಗಸರು. ಸೋಲಿನ ಸುದ್ದಿಯನ್ನು ಮೊದಲು ಕೈಗೆ ತೆಗೆದುಕೊಳ್ಳಬೇಕಾಗಿದ್ದವರು, ಆಮೇಲೆ ನಡೆಯುವುದಕ್ಕೆ ಬಂದೋಬಸ್ತು ಮಾಡಬೇಕಾಗಿದ್ದವರು ಅವರೇ. ಉಂಗುರ ಹೊರಡಲಿಲ್ಲ, ಆದ್ದರಿಂದ ಅವರ ಮಾತೂ ಬರಲಿಲ್ಲ.

ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಒಂದು ಭಾರಿ ಉದ್ದನೆಯ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಎಳೆದು ತಂದ ಪ್ರಾಣಿಗಳ ಸಾಲನ್ನು ಅಲ್ಲೇ ಗೆರೆಯಲ್ಲಿ ಕೊರೆದಿದ್ದಾರೆ. ಕಲ್ಲು ಎಳೆದ ದನಗಳಿಗೂ ಚಿತ್ರ ಸಿಕ್ಕ ಊರು ಅದು. ವಿಜಯನಗರದ ಬೆತ್ತದವರಲ್ಲಿ ಒಬ್ಬಳ ಹೆಸರೂ ನಮಗೆ ದಕ್ಕಿಲ್ಲ.

ಹೆಸರು ದಕ್ಕುವುದು ನಿಜಾಮನ ಕಾಲಕ್ಕೆ. ಹದಿನೆಂಟನೆಯ ಶತಮಾನದ ಕೊನೆಗೆ ರಾಯಚೂರು ಸೀಮೆ ಹೈದರಾಬಾದಿನ ಆಳ್ವಿಕೆಯಲ್ಲಿತ್ತು. ನಿಜಾಮ್ ಅಲಿ ಖಾನ್ ಗದ್ದುಗೆಯಲ್ಲಿದ್ದ. ಅವನ ಜನಾನಾಕ್ಕೆ ಕಾವಲಿದ್ದದ್ದು ಹೆಂಗಸರ ಪಲ್ಟನ್. ‘ಜಫರ್ ಪಲ್ಟನ್’, ಅಂದರೆ ವಿಜಯಿ ಪಡೆ ಎಂದು ಹೆಸರು. ಸಿಪಾಯಿಗಳ ಉಡುಪು, ಭುಜಕ್ಕೆ ಬಂದೂಕು, ಫ್ರೆಂಚರ ಮಾದರಿಯ ಕವಾಯತು. ಇಂಗ್ಲಿಷರ ಸಿಪಾಯಿಗಳಿಗೆ ಸಮವಾಗಿ ಕವಾಯತು ಮಾಡುತ್ತಿದ್ದರೆಂದು ನೋಡಿದ ಇಂಗ್ಲಿಷರೇ ಬರೆದಿದ್ದಾರೆ. ಇವರನ್ನು ಅರಮನೆಯಲ್ಲಿ ‘ಗಾರದನಿ’ ಎನ್ನುತ್ತಿದ್ದರಂತೆ. ‘ಗಾರ್ಡ್’ ಎಂಬ ಪದಕ್ಕೆ ದಖನಿ ಬಾಯಿ ಸ್ತ್ರೀಲಿಂಗ ಅಂಟಿಸಿದ ಈ ಶಬ್ದ ಉಳಿದುಬಂದಿದ್ದರೆ ಇಂದು ‘ಮಹಿಳಾ ಪೊಲೀಸ್ ಕಾನ್‌ಸ್ಟೆಬಲ್’ ಎಂದು ಬಾಯಿ ತುಂಬ ಹೇಳಬೇಕಾದ ಪ್ರಮೇಯ ಇರುತ್ತಿರಲಿಲ್ಲ.

1795ರಲ್ಲಿ ಈ ಬಾಗಿಲು ಕಾಯುವವರು ರಣರಂಗಕ್ಕೆ ಬಂದರು. ಮರಾಠರ ಮೇಲೆ ದಂಡೆತ್ತಿ ಹೊರಟ ನಿಜಾಮ ಬೇಗಮರನ್ನೂ ಜೊತೆಗೆ ಕರೆದೊಯ್ದ. ಜನಾನಾ ಹೊರಟರೆ ಕಾವಲೂ ಹೊರಡಲೇಬೇಕು. ಸಾವಿರ ಸಾವಿರದ ಎರಡು ಹೆಂಗಸರ ಪಲ್ಟನ್‌ಗಳು ಆ ದಂಡಿನಲ್ಲಿದ್ದವು. ಅವುಗಳನ್ನು ನಡೆಸಿದವರು ಮಾಮಾ ಬರನ್ ಮತ್ತು ಮಾಮಾ ಚಂಪಾ. ‘ಮಾಮಾ’ ಎಂದರೆ ನಮ್ಮ ಸೋದರಮಾವನಲ್ಲ. ದಖನಿಯಲ್ಲಿ ಮನೆಯ ದಾದಿ, ಆಳುಹೆಂಗಸು. ಅರಮನೆಯ ಕೂಸುಗಳನ್ನು ನೋಡಿಕೊಳ್ಳುವ ವರ್ಗದಿಂದ ಮೇಲೆ ಬಂದು ಜನಾನಾದ ಬೀಗದ ಕೈ ಹಿಡಿದ ಇಬ್ಬರು ದಂಡಿನ ಮುಂದೆ ನಿಂತಿದ್ದರು.

ಮಾರ್ಚ್ 11ರಂದು ಈಗಿನ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಭಾಗದ ಖರ್ಡಾ ಎಂಬಲ್ಲಿ ಯುದ್ಧ. ಹಗಲಿನ ಕಾದಾಟದಲ್ಲಿ ನಿಜಾಮನ ಕಡೆ ಅಂಥ ದೊಡ್ಡ ಸೋಲೇನೂ ಆಗಿರಲಿಲ್ಲ. ಕತ್ತಲಾದ ಮೇಲೆ ಗಾಬರಿ ಹಬ್ಬಿತು. ದಂಡು ದಿಕ್ಕಾಪಾಲಾಯಿತು, ನಿಜಾಮ ಸಣ್ಣ ಕೋಟೆಯೊಂದರೊಳಗೆ ಹೋಗಿ ಸಿಕ್ಕಿಬಿದ್ದ. ಹಿಂದೆಗೆಯಲು ನಿಜಾಮನ ಹೆಂಡತಿ ಬಕ್ಷಿ ಬೇಗಮಳ ಹೆದರಿಕೆಯೇ ಕಾರಣ ಎಂದು ದರ್ಬಾರಿನಲ್ಲಿ ಮಾತು ಹುಟ್ಟಿತು. ಸೋತಾಗ ಹೆಂಗಸಿನ ಮೇಲೆ ಹಾಕುವುದು ಎಲ್ಲ ದರ್ಬಾರುಗಳಿಗೂ ಬರುವ ವಿದ್ಯೆ. ನಿಜಾಮನ ಗಂಡಸು ಸರದಾರರು ಆ ರಾತ್ರಿ ಎಲ್ಲಿದ್ದರು ಎಂದು ಅಷ್ಟು ಜೋರಾಗಿ ಯಾರೂ ಕೇಳಿದಂತಿಲ್ಲ. ಜಫರ್ ಪಲ್ಟನ್ನಿನ ಬಗ್ಗೆ ಇಂಗ್ಲಿಷರ ಬರವಣಿಗೆಯಲ್ಲಿ ಉಳಿದದ್ದು ಒಂದು ಕೊಂಕು: ನಿಜಾಮನ ಉಳಿದ ಸೈನ್ಯಕ್ಕಿಂತ ಕೆಟ್ಟದಾಗೇನೂ ಅವರು ನಡೆದುಕೊಳ್ಳಲಿಲ್ಲವಂತೆ. ಕೊಂಕು ತೆಗೆದು ನೋಡಿದರೆ ಅದು ಒಳ್ಳೆಯ ಪ್ರಶಸ್ತಿಪತ್ರವೇ.

ಖರ್ಡಾದ ಹದಿನೈದಿಪ್ಪತ್ತು ವರ್ಷ ಮೊದಲು, ತುಂಗಭದ್ರೆಯ ದಕ್ಷಿಣಕ್ಕೆ, ಹೈದರಾಲಿಯ ಮುತ್ತಿಗೆಯ ದಿನಗಳಲ್ಲಿ ಚಿತ್ರದುರ್ಗದ ಕಿಂಡಿಯ ಪಕ್ಕ ಇನ್ನೊಬ್ಬಳು ನಿಂತಿದ್ದಳು. ಓಬವ್ವನ ಕತೆ ಗೊತ್ತಿಲ್ಲದ ಕನ್ನಡದ ಮಗು ಇಲ್ಲ. 1972ರ ‘ನಾಗರಹಾವು’ ಚಿತ್ರದಲ್ಲಿ ಜಯಂತಿ ಆ ಪಾತ್ರ ಮಾಡಿದ ಮೇಲಂತೂ ಒನಕೆ ಎತ್ತಿದ ಆ ನಿಲುವು ಎಲ್ಲರ ಕಣ್ಣಲ್ಲೂ ಕೂತುಬಿಟ್ಟಿದೆ. ಜನಪದ ಕಾಪಾಡಿಕೊಂಡು ಬಂದ ಕತೆ ಇದು. ತಾರೀಖು ಕೇಳಿದರೆ ಅದು ಕೊಡುವುದಿಲ್ಲ. ಆದರೆ ಸಿನಿಮಾದ ಅಬ್ಬರದಲ್ಲಿ ಕತೆಯ ಒಂದು ಸಣ್ಣ ಎಳೆ ಮರೆತುಹೋಗುತ್ತದೆ. ಅವಳ ಗಂಡ ಮುದ್ದಹನುಮ ಕೋಟೆಯ ಕಾವಲುಗಾರ. ಅವನು ಉಣ್ಣಲು ಮನೆಗೆ ಬಂದಿದ್ದಾನೆ. ಅವಳು ನೀರಿಗೆ ಹೋಗಿದ್ದಾಳೆ. ಉಣ್ಣುವವನನ್ನು ಎಬ್ಬಿಸಲು ಮನಸ್ಸಾಗದೆ ಅವನ ಪಾಳಿಯನ್ನು ಅವಳು ಮಾಡುತ್ತಾಳೆ. ಕಾವಲು ಎಂಬುದು ಮನೆತನದ ಉದ್ಯೋಗವಾಗಿದ್ದ ಕಾಲದಲ್ಲಿ ಹುದ್ದೆ ಗಂಡನ ಹೆಸರಿನಲ್ಲಿ, ಕೆಲಸ ಮನೆಯವರೆಲ್ಲರ ತಲೆಯ ಮೇಲೆ. ಕಹಳೆ, ಕತ್ತಿ ಅವನವು. ಅವಳ ಕೈಗೆ ಸಿಕ್ಕಿದ್ದು ಅಡುಗೆಮನೆಯ ಒನಕೆ.

ಸಮವಸ್ತ್ರದ ಮಹಿಳಾ ಪೊಲೀಸ್ ಹುಟ್ಟಿದ್ದೂ ಗಂಡಸರು ಪಾಳಿ ಬಿಟ್ಟುಹೋದಾಗಲೇ. 1914ರಲ್ಲಿ ಇಂಗ್ಲೆಂಡಿನ ಪೇದೆಗಳು ಫ್ರಾನ್ಸಿನ ಕಂದಕಗಳಿಗೆ ಹೊರಟಾಗ ಮಾರ್ಗರೆಟ್ ಡೇಮರ್ ಡಾಸನ್, ನೀನಾ ಬಾಯ್ಲ್ ಎಂಬಿಬ್ಬರು ಹೆಂಗಸರ ಸ್ವಯಂಸೇವಾ ಪೊಲೀಸ್ ಪಡೆ ಕಟ್ಟಿದರು. ಸೈನ್ಯದ ದೊಡ್ಡ ಶಿಬಿರವಿದ್ದ ಗ್ರ್ಯಾಂಥಮ್ ಊರಿನಲ್ಲಿ 1915ರಲ್ಲಿ ಈಡಿತ್ ಸ್ಮಿತ್‌ಗೆ ಬಂಧಿಸುವ ಪೂರ್ಣ ಅಧಿಕಾರ ಸಿಕ್ಕಿತು. ಬ್ರಿಟನ್ನಿನಲ್ಲಿ ಅಂಥ ಅಧಿಕಾರ ಪಡೆದ ಮೊದಲ ಹೆಣ್ಣು ಆಕೆ. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರ ತಪಾಸಣೆಯೂ ಇಂಥ ಪೊಲೀಸರ ಪಾಲಿಗೆ ಬಂತು; ಕಿಸೆಯಲ್ಲಿ ಒಂದು ಬೆಂಕಿಕಡ್ಡಿ ಉಳಿದರೂ ಕಾರ್ಖಾನೆಯೇ ಹಾರಿಹೋಗುವ ಜಾಗ ಅದು. ಆದರೆ ಗ್ರ್ಯಾಂಥಮ್‌ನಲ್ಲಿ ಅವರಿಂದ ಮಾಡಿಸಿದ ಕೆಲಸಗಳಲ್ಲಿ ಒಂದು, ರಾತ್ರಿ ಹೊತ್ತು ಹೆಂಗಸರು ಮನೆಯಿಂದ ಹೊರಬರದಂತೆ ನೋಡಿಕೊಳ್ಳುವುದು. ಸೈನಿಕರ ನಡತೆ ಕೆಡಬಾರದೆಂದು ಊರ ಹೆಂಗಸರಿಗೆ ದಿಗ್ಬಂಧನ. ಇದನ್ನು ಒಪ್ಪದೆ ನೀನಾ ಬಾಯ್ಲ್ ಸಿಡಿದು ಹೊರಬಂದಳು, ಸಂಘ ಒಡೆಯಿತು. ಯುದ್ಧ ಮುಗಿದ ಮೇಲೆ ಮಿತವ್ಯಯದ ಹೆಸರಿನಲ್ಲಿ 1922ರಲ್ಲಿ ಲಂಡನ್ನಿನ ಮಹಿಳಾ ಪೊಲೀಸರನ್ನು ಬೆರಳೆಣಿಕೆಗೆ ಇಳಿಸಿದರು.

ನಮ್ಮಲ್ಲಿ 1933ರಲ್ಲಿ ತಿರುವಾಂಕೂರು ಸಂಸ್ಥಾನ ಹೆಂಗಸರನ್ನು ಪೊಲೀಸ್ ಕೆಲಸಕ್ಕೆ ತೆಗೆದುಕೊಂಡಿತು. ಹೈದರಾಬಾದಿನಲ್ಲಿ ಪೊಲೀಸ್ ಆ್ಯಕ್ಷನ್ ನಡೆದ ಅದೇ 1948ರಲ್ಲಿ ದೆಹಲಿ ಪೊಲೀಸ್ ಹೆಂಗಸರಿಗೆ ಬಾಗಿಲು ತೆರೆಯಿತು. ದೇಶವಿಭಜನೆಯ ಗಾಯಗಳು ಆಗ ಹಸಿ. ನಿರಾಶ್ರಿತರ ಶಿಬಿರಗಳು ತುಂಬಿದ್ದವು, ಅಪಹರಣಕ್ಕೊಳಗಾದ ಹೆಂಗಸರನ್ನು ಹುಡುಕಿ ತರುವ ಕೆಲಸ ಗಡಿಯ ಎರಡೂ ಕಡೆ ನಡೆಯುತ್ತಿತ್ತು. ಆ ಹುಡುಕಾಟದಲ್ಲಿ ಮೃದುಲಾ ಸಾರಾಭಾಯಿ ಮುಂದಾಳು. ಮರಳಿ ಬರಲು ಒಲ್ಲೆ ಎಂದ ಹೆಂಗಸರನ್ನೂ 1949ರ ಕಾನೂನಿನ ಬಲದಿಂದ ಎಬ್ಬಿಸಿ ತಂದದ್ದುಂಟು. ಗ್ರ್ಯಾಂಥಮ್‌ನ ಪ್ರಶ್ನೆಯೇ ಇಲ್ಲೂ ಬಂತು: ಕಾವಲು ಹೆಣ್ಣಿಗಾಗಿಯೋ, ಹೆಣ್ಣಿನ ಮೇಲೆಯೋ?

ಅಲ್ಲಿಂದ ಮುಂದೆ ಕೆಲವು ಮೈಲಿಗಲ್ಲುಗಳನ್ನು ದಾಟಿಕೊಂಡು ಹೋದರೆ ಸಾಕು. ಕೋಯಿಕ್ಕೋಡಿನಲ್ಲಿ 1973ರಲ್ಲಿ ದೇಶದ ಮೊದಲ ಮಹಿಳಾ ಠಾಣೆ. 1975ರ ತಂಡದ ಜೀಜಾ ಮಾಧವನ್ ಹರಿಸಿಂಗ್ ಕರ್ನಾಟಕದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ. 1986ರಲ್ಲಿ ಸಿಆರ್‌ಪಿಎಫ್ ಕಟ್ಟಿದ 88ನೆಯ ಮಹಿಳಾ ಬೆಟಾಲಿಯನ್. ಇದೊಂದರ ಹತ್ತಿರ ಸ್ವಲ್ಪ ನಿಲ್ಲಬೇಕು.

2001ರ ಡಿಸೆಂಬರ್ 13, ಬೆಳಿಗ್ಗೆ. ಸಂಸತ್ ಭವನದ ಒಂದನೆಯ ದ್ವಾರದಲ್ಲಿ ಈ ಬೆಟಾಲಿಯನ್ನಿನ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ ಪಾಳಿಯಲ್ಲಿದ್ದಾಳೆ. ಬಿಳಿ ಅಂಬಾಸಡರ್ ಕಾರೊಂದು ಒಳಗೆ ಬರುತ್ತದೆ, ಅದರಿಂದ ಇಳಿದವರ ಕೈಯಲ್ಲಿ ಬಂದೂಕು. ಇವಳ ಕೈಯಲ್ಲಿ ಇದ್ದದ್ದು ವೈರ್‌ಲೆಸ್ ಮಾತ್ರ. ಅದರಲ್ಲಿ ಸುದ್ದಿ ಮುಟ್ಟಿಸಿ, ಹತ್ತಿರವಿದ್ದ ಸಂಗಾತಿ ಪೇದೆಗೆ ಕೂಗಿ ಹೇಳಿ, ಬಾಗಿಲು ಮುಚ್ಚಿಸಲು ಎಚ್ಚರಿಸಿದಳು. ದಾಳಿಕೋರರು ಗುಂಡಿನ ಮಳೆ ಸುರಿಸಿದರು. ಅಷ್ಟರಲ್ಲಿ ಒಳಗಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅದಾದ ಮೇಲೆ ಭಾರತ, ಪಾಕಿಸ್ತಾನ ಎರಡೂ ದೇಶಗಳ ಸೇನೆಗಳು ಗಡಿಗೆ ಬಂದು ತಿಂಗಳುಗಟ್ಟಲೆ ಎದುರುಬದುರು ನಿಂತವು. ಯುದ್ಧ ಆಗದೇ ಉಳಿದದ್ದು ದೊಡ್ಡದು. ಆ ಯುದ್ಧದ ಹೊಸ್ತಿಲಲ್ಲಿ ಮೊದಲು ಬಿದ್ದವರಲ್ಲಿ ಒಬ್ಬಳು ಬಾಗಿಲು ಕಾಯುವ ಹೆಣ್ಣುಮಗಳು. ಅವಳಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಪಾಯೆಸ್ ಕಂಡವರ ಕೈಯಲ್ಲಾದರೂ ಒಂದು ಬೆತ್ತ ಇತ್ತು.

ಅದೇ ಸಿಆರ್‌ಪಿಎಫ್‌ನ ಹೆಂಗಸರು 2007ರ ಜನವರಿಯಲ್ಲಿ, ಈ ಸಲ ಬಂದೂಕು ಹೊತ್ತು, ಸೀಮಾ ಧುಂಡಿಯಾ ಅವರ ಮುಂದಾಳ್ತನದಲ್ಲಿ ಲೈಬೀರಿಯಾಕ್ಕೆ ಹೋಗಿ ಇಳಿದರು. ಹದಿನಾಲ್ಕು ವರ್ಷ ಒಳಯುದ್ಧದಲ್ಲಿ ಬೆಂದ ದೇಶ ಅದು. ವಿಶ್ವಸಂಸ್ಥೆಯ ಚರಿತ್ರೆಯಲ್ಲೇ ಹೆಂಗಸರೇ ತುಂಬಿದ ಮೊದಲ ಪೊಲೀಸ್ ತುಕಡಿ ಇವರದು. ಮನ್ರೋವಿಯಾದಲ್ಲಿ ರಾತ್ರಿ ಗಸ್ತು, ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅವರ ಕಚೇರಿಗೆ ಪಹರೆ. ತಂಡದ ನಂತರ ತಂಡವಾಗಿ 2016ರ ಫೆಬ್ರವರಿಯವರೆಗೆ ಅಲ್ಲಿದ್ದರು. ಇವರನ್ನು ನೋಡಿ ಅಲ್ಲಿನ ಹುಡುಗಿಯರು ತಮ್ಮ ದೇಶದ ಪೊಲೀಸ್ ಸೇರಿದರೆಂದು ಸರ್ಲೀಫ್ ಮೆಚ್ಚಿಕೊಂಡರು.

ಕರ್ನಾಟಕದಲ್ಲಿ 2017ರ ಕೊನೆಗೆ ನೀಲಮಣಿ ರಾಜು ಪೊಲೀಸ್ ಮಹಾನಿರ್ದೇಶಕರ ಕುರ್ಚಿಯಲ್ಲಿ ಕುಳಿತರು. ಚಿತ್ರದುರ್ಗದ ಪೊಲೀಸರು ಮಹಿಳಾ ಗಸ್ತಿನ ತುಕಡಿ ಕಟ್ಟಿ ‘ಓಬವ್ವ ಪಡೆ’ ಎಂದು ಹೆಸರಿಟ್ಟರು. ಗಂಡನ ಪಾಳಿ ಮಾಡಿದವಳ ಹೆಸರಿನಲ್ಲಿ ಈಗ ಪಾಳಿಪಟ್ಟಿಯೇ ಇದೆ.

ಇನ್ನು ಎಡೆದೊರೆ. ಪೊಲೀಸ್ ಆ್ಯಕ್ಷನ್ ಕಂಡ ಈ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿಯಲ್ಲಿ ವಿಶೇಷ ಸ್ಥಾನ ದಕ್ಕಿದ ಮೇಲೆ ಪೇದೆಗಳ ನೇಮಕಕ್ಕೆ ಇಲ್ಲಿನವರದೇ ಬೇರೆ ಪಟ್ಟಿ. ಅರ್ಜಿ ಕರೆದ ಸುದ್ದಿ ಬಂದರೆ ಬೆಳಗಿನ ಜಾವ, ಹತ್ತಿ ಹೊಲಗಳ ನಡುವಿನ ಡಾಂಬರು ರಸ್ತೆಗಳಲ್ಲಿ ಹುಡುಗಿಯರು ಓಡತೊಡಗುತ್ತಾರೆ. ಮೊಬೈಲಿನಲ್ಲಿ ಹೊತ್ತು ನೋಡುವವಳು ಒಬ್ಬಳು, ಓಡುವವರು ನಾಲ್ಕು ಮಂದಿ. 400 ಮೀಟರನ್ನು ಎರಡು ನಿಮಿಷದೊಳಗೆ ಮುಗಿಸಬೇಕು. ಆಮೇಲೆ ಉದ್ದ ಜಿಗಿತ, ಗುಂಡು ಎಸೆತ. ಎಲ್ಲ ದಾಟಿದವಳಿಗೆ ಖಾಕಿ ಸಿಗುತ್ತದೆ, ಲಾಠಿ ಸಿಗುತ್ತದೆ. ಎದೆಯ ಬಲಕ್ಕೆ ಚುಚ್ಚಿಕೊಳ್ಳಲು, ಕನ್ನಡದಲ್ಲಿ ಅವಳ ಹೆಸರು ಬರೆದ ಒಂದು ಸಣ್ಣ ಪಟ್ಟಿಯೂ ಸಿಗುತ್ತದೆ.